ಕೋಟಿಯ ಲೆಕ್ಕ, ಹಗೇವಿನ ಲೆಕ್ಕ

ಕಲ್ಯಾಣ ಕರ್ನಾಟಕದ ಮಾತು ಬಂದಾಗಲೆಲ್ಲ ರಾಜಧಾನಿಯ ಕಡೆಯ ಮಿತ್ರರು ಒಂದು ಪ್ರಶ್ನೆ ಹಾಕುತ್ತಾರೆ: ಇಷ್ಟೊಂದು ಕೋಟಿ ಕೊಟ್ಟದ್ದಾಯಿತಲ್ಲ, ಇನ್ನೂ ಏಕೆ ಗೋಳಾಡುತ್ತೀರಿ? ನಮ್ಮ ಕಡೆಯ ಮುಂದಾಳುಗಳ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ಇನ್ನಷ್ಟು ಕೋಟಿ ಕೊಡಿ. ಪ್ರಶ್ನೆ, ಉತ್ತರ ಎರಡನ್ನೂ ಒಂದೇ ಸುಳ್ಳು ತಕ್ಕಡಿಯಲ್ಲಿ ತೂಗಲಾಗಿದೆ ಎಂಬುದು ನನ್ನ ವಾದ. ಒಂದು ಹಂಗಾಮು ಕೆಟ್ಟರೆ ಅಲ್ಲಿಯ ಮನೆಗಳು ಎಷ್ಟು ದಿನ ತಾಳಿಯಾವು ಎಂದು ಕೇಳದೆ, ಬೊಕ್ಕಸದಿಂದ ಎಷ್ಟು ಹೊರಟಿತು ಎಂದಷ್ಟೇ ಎಣಿಸುವವನು ಆ ಸೀಮೆಯ ಬಲವನ್ನು ಎಂದಿಗೂ ಅಳೆಯಲಾರ.

ನಾನಿರುವ ರಾಜೇಶ್ವರ ಬಸವಕಲ್ಯಾಣ ತಾಲ್ಲೂಕಿನ ಒಂದು ಹೋಬಳಿ. ಒಂದು ಕಡೆ ಹುಮನಾಬಾದು, ಇನ್ನೊಂದು ಕಡೆ ಕಲ್ಯಾಣ. ಪುಣೆ-ಹೈದರಾಬಾದು ಹೆದ್ದಾರಿಯ ಲಾರಿಗಳಿಗೆ ಹಗಲಿರುಳೆಂಬುದಿಲ್ಲ. ಇಲ್ಲಿಯ ಹೊಲಗಳಲ್ಲಿ ತೊಗರಿ, ಸೋಯಾ, ಉದ್ದು, ಹೆಸರು. ಬಹುಪಾಲು ಮಳೆಯನ್ನೇ ನಂಬಿದ ಬಿತ್ತನೆ. ಊರಿಗೆ ಹಣ ಬರುವ ದಾರಿಗಳು ಎರಡೇ: ಒಂದು ಆಕಾಶ, ಇನ್ನೊಂದು ಬೊಕ್ಕಸ. ಎರಡೂ ಮುನಿದಾಗ ಮೂರನೆಯ ದಾರಿ ತೆರೆಯುತ್ತದೆ. ಅದು ಹೈದರಾಬಾದಿಗೋ ಪುಣೆಗೋ ಹೋಗುವ ಬಸ್ಸು. ಗುಳೆ ಹೋದ ಮಗ ಕಳಿಸುವ ಹಣದಲ್ಲಿ ಒಲೆ ಉರಿಯುವ ಮನೆಗಳನ್ನು ಯಾವ ಮುಂಗಡಪತ್ರವೂ ಎಣಿಸುವುದಿಲ್ಲ.

2025ರ ಮುಂಗಾರಿನಲ್ಲಿ ಮಳೆ ಬಾರದೆ ಇರಲಿಲ್ಲ; ಬಂದದ್ದು ಅತಿಯಾಗಿ ಬೆಳೆ ನೀರಲ್ಲಿ ನಿಂತಿತು. ಸರಕಾರ ತನ್ನ ಪಾಲನ್ನೂ ಸೇರಿಸಿ ಒಣಬೇಸಾಯಕ್ಕೆ ಹೆಕ್ಟೇರಿಗೆ 17,000 ರೂಪಾಯಿ ಪರಿಹಾರ ಘೋಷಿಸಿತು. ಕೊಟ್ಟದ್ದನ್ನು ಅಲ್ಲಗಳೆಯುವ ಕೃತಘ್ನತೆ ನನಗೆ ಬೇಡ. ಆದರೆ ಎಕರೆಗೆ ಲೆಕ್ಕ ಹಾಕಿದರೆ ಅದು ಏಳು ಸಾವಿರವನ್ನೂ ಮುಟ್ಟದು. ಬೀಜ, ಗೊಬ್ಬರ, ಆಳಿನ ಕೂಲಿ ಕಳೆದ ಮೇಲೆ ಅಡತಿ ಅಂಗಡಿಯ ಸಾಲಕ್ಕೆ ಉಳಿಯುವುದೇನು? ನಮ್ಮ ಹಿರಿಯರು ಬೆಳೆದ ವರ್ಷ ಜೋಳವನ್ನು ಹಗೇವಿನಲ್ಲಿ ತುಂಬಿ, ಕೆಟ್ಟ ವರ್ಷ ಬಾಯಿ ತೆಗೆಯುತ್ತಿದ್ದರು. ಈಗಿನ ನಮ್ಮ ಆರ್ಥಿಕ ಜೀವನಕ್ಕೆ ಹಗೇವೆಂಬುದೇ ಇಲ್ಲ. ಬಂದದ್ದು ಬಂದ ದಾರಿಯಲ್ಲೇ ಹೋಗುತ್ತದೆ.

ಈ ದುರ್ಬಲತೆಗೆ ಚರಿತ್ರೆಯೂ ಕಾರಣ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಉದಗೀರ, ನಿಲಂಗಾ ಅತ್ತ ಹೋದವು. ಜಹೀರಾಬಾದು ಇತ್ತ ಹೋಯಿತು. ಭಾಷೆಯ ದೃಷ್ಟಿಯಿಂದ ನ್ಯಾಯವಾದದ್ದೇ; ಕನ್ನಡದ ಮೇಷ್ಟರಾಗಿ ನಾನು ಅದಕ್ಕೆ ಎರಡು ಮಾತು ಆಡಲಾರೆ. ಆದರೆ ಸಂತೆ ಪೇಟೆಗಳು ಗಡಿಯಾಚೆ ಉಳಿದವು, ಕಚೇರಿ ಮಾತ್ರ ಹೈದರಾಬಾದಿನ ಮೂರು ಪಟ್ಟಿಗೂ ಹೆಚ್ಚು ದೂರದ ಬೆಂಗಳೂರಿಗೆ ಹೋಯಿತು. ಅಂದಿನಿಂದ ನಮ್ಮ ವ್ಯಾಪಾರದ ಮುಖ ಒಂದು ಕಡೆ, ಅರ್ಜಿಯ ಮುಖ ಇನ್ನೊಂದು ಕಡೆ.

ರೋಗ ತಿಳಿಯದೆ ಇರಲಿಲ್ಲ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿಯೇ ವರದಿ ಕೊಟ್ಟಿತು. 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಗುಲ್ಬರ್ಗಾ ವಿಭಾಗದವು. ಬಸವಕಲ್ಯಾಣ, ಹುಮನಾಬಾದು ಎರಡೂ ಆ ಪಟ್ಟಿಯಲ್ಲಿದ್ದವು. ಎಂಟು ವರ್ಷಗಳಲ್ಲಿ 31,000 ಕೋಟಿ ವೆಚ್ಚಕ್ಕೆ ಸಮಿತಿ ಸಲಹೆ ಮಾಡಿತು. ವಿಶೇಷ ಅಭಿವೃದ್ಧಿ ಯೋಜನೆ ಕಣ್ಣು ಬಿಟ್ಟದ್ದು 2007-08ರಲ್ಲಿ. ಬಳಿಕ ಸಂವಿಧಾನಕ್ಕೆ 371 ಜೆ ವಿಧಿ ಸೇರಿತು, 2013ರಲ್ಲಿ ಮಂಡಳಿ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಎಲ್ಲ ಸುಧಾರಣೆಗಳಲ್ಲಿ ಅತ್ಯಂತ ಬೇಗ ಮುಗಿದದ್ದು ಈ ನಾಮಕರಣವೇ. 2022-23ರಲ್ಲಿ 3,000 ಕೋಟಿ ಇದ್ದ ಅನುದಾನ ಮರುವರ್ಷ 5,000 ಕೋಟಿಗೆ ಏರಿತು. ಇನ್ನು 2024ರಲ್ಲಿ ಪ್ರೊ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ.

5,000 ಕೋಟಿ ಎಂದರೆ ಕಿವಿಗೆ ದೊಡ್ಡದು. ಏಳು ಜಿಲ್ಲೆಗಳ ಜನಕ್ಕೆ, 2011ರ ಗಣತಿಯಂತೆಯೇ ಒಂದು ಕೋಟಿ ಹತ್ತು ಲಕ್ಷವನ್ನು ಮೀರಿದವರಿಗೆ ಹಂಚಿ ನೋಡಿ: ತಲೆಗೆ ತಿಂಗಳಿಗೆ ನಾನೂರು ರೂಪಾಯಿಯೂ ಆಗದು. ಅದೂ ಕೈಗೆ ಬರುವ ಹಣವಲ್ಲ. ಕಾಂಕ್ರೀಟು ರಸ್ತೆ, ಭವನ, ಆವರಣದ ಗೋಡೆ, ಸ್ವಾಗತ ಕಮಾನುಗಳ ರೂಪದಲ್ಲಿ ಅದು ಬರುತ್ತದೆ. ಗುತ್ತೇದಾರರ ಬಿಲ್ಲು ಪಾಸಾದೊಡನೆ ಊರು ಬಿಟ್ಟು ಹೋಗುತ್ತದೆ. ರಸ್ತೆ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ತೊಗರಿ ಬೆಳೆದ ಊರಿನಲ್ಲಿ ತೊಗರಿಯನ್ನು ಒಡೆದು ಬೇಳೆ ಮಾಡುವ ಗಿರಣಿಯಾಗಲಿ, ಬೆಲೆ ಬರುವ ತನಕ ಚೀಲ ಇಡುವ ಉಗ್ರಾಣವಾಗಲಿ ಇಲ್ಲದಿದ್ದರೆ, ಒಳ್ಳೆಯ ರಸ್ತೆ ನಮ್ಮ ಫಸಲನ್ನೂ ನಮ್ಮ ಹುಡುಗರನ್ನೂ ಇನ್ನಷ್ಟು ಬೇಗ ಹೊರಗೆ ಸಾಗಿಸುತ್ತದೆ, ಅಷ್ಟೆ.

ಕೊಟ್ಟದ್ದನ್ನೇ ಖರ್ಚು ಮಾಡಲು ಬಾರದವರು ಎಂದು ನಮ್ಮನ್ನು ಜರೆಯುವುದುಂಟು. ಖರ್ಚು ಮಾಡಬೇಕಾದ ಎಂಜಿನಿಯರ ಕುರ್ಚಿ ಖಾಲಿ, ಕಲಿಸಬೇಕಾದ ಮೇಷ್ಟರ ಕುರ್ಚಿ ಖಾಲಿ. ತರಗತಿ ನಡೆಯುವುದು ಅತಿಥಿಗಳ ದಯೆಯಿಂದ. ಕುರ್ಚಿ ತುಂಬದೆ ಬೊಕ್ಕಸ ತೆರೆದಿಟ್ಟು, ಆಮೇಲೆ ಹಣ ಉಳಿಯಿತಲ್ಲ ಎಂದು ಮೂಗಿನ ಮೇಲೆ ಬೆರಳಿಡುವುದು ಯಾವ ನ್ಯಾಯ?

ಬಸವಕಲ್ಯಾಣದಲ್ಲಿ 2021ರ ಜನವರಿ 6ರಂದು ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಹಾಕಿದರು. ಅಂದಾಜು ವೆಚ್ಚ 500 ಕೋಟಿ. ಶರಣರ ನೆನಪಿಗೆ ಕಟ್ಟಡ ಏಳುವುದು ನನಗೂ ಸಂತೋಷವೇ. ಆದರೆ ಶರಣರು ಈ ನೆಲದಲ್ಲಿ ಬಿತ್ತಿದ ವಿಚಾರ ಕಾಯಕ ಮತ್ತು ದಾಸೋಹ: ದುಡಿದು ಗಳಿಸು, ಗಳಿಸಿದ್ದನ್ನು ಸಮಾಜಕ್ಕೆ ಹಿಂದಿರುಗಿಸು. ಮಂಟಪದ ಕಂಬಗಳನ್ನು ಎಣಿಸಿ ಹಿಗ್ಗುವವರು, ಅದರ ನೆರಳಿನ ಹಳ್ಳಿಗಳಲ್ಲಿ ವರ್ಷಕ್ಕೆ ಎಷ್ಟು ತಿಂಗಳು ಕಾಯಕ ದೊರೆಯುತ್ತದೆ ಎಂಬುದನ್ನೂ ಎಣಿಸಬೇಡವೇ? ಕಾಯಕವಿಲ್ಲದ ಕಲ್ಯಾಣ ಬರಿಯ ಹೆಸರು.

ಆದುದರಿಂದ ಬೇಡಿಕೆಯನ್ನು ಬದಲಿಸೋಣ. ಮಂಡಳಿಯ ಕಾರ್ಯದ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕೆಂದು 371 ಜೆ ವಿಧಿಯೇ ಹೇಳುತ್ತದೆ. ಆ ವರದಿಯಲ್ಲಿ ಕೋಟಿಗಳ ಪಟ್ಟಿಯ ಜೊತೆಗೆ ತಾಲ್ಲೂಕುವಾರು ನಾಲ್ಕು ಅಂಕಿಗಳಿರಲಿ: ಈ ವರ್ಷ ನೀರು ಹೊಸದಾಗಿ ಮುಟ್ಟಿದ ಎಕರೆ ಎಷ್ಟು, ಊರಲ್ಲೇ ಹಸನಾದ ಬೇಳೆ ಎಷ್ಟು ಕ್ವಿಂಟಾಲು, ತುಂಬಿದ ಹುದ್ದೆ ಎಷ್ಟು, ಗುಳೆ ಹೋದ ಕುಟುಂಬ ಎಷ್ಟು. ಮೊದಲ ಮೂರು ಏರಿ ನಾಲ್ಕನೆಯದು ಇಳಿದ ವರ್ಷ, ಕೊಟ್ಟದ್ದು ನಮಗೆ ಸಂದಿತೆಂದು ನಾವು ಒಪ್ಪುತ್ತೇವೆ. ಅಲ್ಲಿಯವರೆಗೆ ಮುಂಗಡಪತ್ರದ ಕೋಟಿಗಳನ್ನು ನಮ್ಮ ಮುಂದೆ ಓದಬೇಡಿ.