ಬೆಟ್ಟವನ್ನು ಎಷ್ಟು ಎತ್ತರಿಸಬೇಕು?

ಅಕ್ಕಲಕೋಟೆಯ ವಾಚಕ ಸೋದರಿಯೊಬ್ಬರ ಕಾಗದ ಹೋದ ತಿಂಗಳೇ ನಮ್ಮ ಕೈಸೇರಿತು. ಶಾಲೆಯ ವಸ್ತುಪ್ರದರ್ಶನಕ್ಕೆ ಮಹಾರಾಷ್ಟ್ರದ ಉಬ್ಬು ನಕ್ಷೆಯೊಂದನ್ನು ಮಾಡಿ ತರುವಂತೆ ಅವರ ಮಗನಿಗೆ ಹೇಳಿದ್ದಾರಂತೆ. ಪೇಟೆಯಲ್ಲಿ ಥರ್ಮೋಕೋಲಿನ ಸಿದ್ಧ ನಕ್ಷೆ ಸಿಗುತ್ತದೆ. ಅದರಲ್ಲಿ ಸಹ್ಯಾದ್ರಿಯ ಕಡೆ ಬಿಳಿಯ ಗೋಪುರಗಳು, ಸೋಲಾಪುರದ ಕಡೆ ಬರಿಯ ಹಲಗೆ. ಅದನ್ನು ಕಂಡ ಹುಡುಗ, "ಅವ್ವಾ, ನಮ್ಮ ಕಡೀಗೆ ಏನೂ ಇಲ್ಲಲ್ಲಾ!" ಎಂದು ಮುಖ ಸಣ್ಣದು ಮಾಡಿಕೊಂಡನಂತೆ. ನಮ್ಮ ಸೀಮೆ ಅಷ್ಟು ಚಪ್ಪಟೆಯೇ, ಸರಿಯಾದ ನಕ್ಷೆಯನ್ನು ಮನೆಯಲ್ಲಿಯೇ ಮಾಡುವ ಬಗೆ ಉಂಟೇ ಎಂದು ಆ ತಾಯಿ ಕೇಳಿದ್ದಾರೆ.

ಉಂಟು. ಆದರೆ ಕತ್ತರಿ ಅಂಟುಗಳಿಗಿಂತ ಮೊದಲು ಬೇಕಾದುದು ಒಂದು ಲೆಕ್ಕ. ಭೂಮಿಯ ಉದ್ದಗಲಗಳ ಮುಂದೆ ಅದರ ಏರುತಗ್ಗುಗಳು ಬಹು ಅಲ್ಪ. ಕಾಶಿಯಲ್ಲಿರುವ ಭಾರತಮಾತಾ ಮಂದಿರದ ಹೆಸರನ್ನು ವಾಚಕರು ಕೇಳಿರಬಹುದು. ಬಾಬು ಶಿವಪ್ರಸಾದ ಗುಪ್ತರು ಕಟ್ಟಿಸಿದ ಈ ಮಂದಿರವನ್ನು 1936ರಲ್ಲಿ ಮಹಾತ್ಮ ಗಾಂಧಿಯವರು ಉದ್ಘಾಟಿಸಿದರು. ಅಲ್ಲಿ ದೇವರ ವಿಗ್ರಹವಿಲ್ಲ. ವಿಭಜನೆಗೆ ಮುಂಚಿನ ಭಾರತದ ಉಬ್ಬು ನಕ್ಷೆಯೊಂದು ಅಮೃತಶಿಲೆಯಲ್ಲಿ ರೂಪುಗೊಂಡು ನೆಲದ ಮೇಲೆ ಹರಡಿದೆ; ಸುಮಾರು 31 ಅಡಿ ಉದ್ದ, 30 ಅಡಿ ಅಗಲ. ಪುಣೆಯಲ್ಲಿ ಮಹರ್ಷಿ ಕರ್ವೆಯವರ ಆಶ್ರಮಕ್ಕೆ ಹೋದಾಗ ನೆಲದ ಮೇಲೆ ಮಣ್ಣಿನಿಂದ ಮಾಡಿದ್ದ ಭಾರತದ ನಕ್ಷೆಯನ್ನು ಕಂಡುದೇ ಗುಪ್ತರಿಗೆ ಪ್ರೇರಣೆಯಾಯಿತಂತೆ.

ಈ ನಕ್ಷೆಯಲ್ಲಿ ನೆಲದಳತೆಗೆ ಒಂದು ಅಂಗುಲವೆಂದರೆ 6.4 ಮೈಲಿ. ಎತ್ತರಕ್ಕಾದರೋ ಒಂದು ಅಂಗುಲವೆಂದರೆ 2000 ಅಡಿ ಮಾತ್ರ. ಎಂದರೆ ಎತ್ತರವನ್ನು ಸುಮಾರು 17 ಪಟ್ಟು ಹಿಗ್ಗಿಸಿದ್ದಾರೆ. ಹೀಗೆ ಹಿಗ್ಗಿಸದೆ ಎರಡಕ್ಕೂ ಒಂದೇ ಅಳತೆ ಹಿಡಿದಿದ್ದರೆ ಏನಾಗುತ್ತಿತ್ತು? 29 ಸಾವಿರ ಅಡಿಯ ಎವರೆಸ್ಟ್ ಶಿಖರವು ಒಂದು ಅಂಗುಲವನ್ನೂ ಮುಟ್ಟುತ್ತಿರಲಿಲ್ಲ. ಎರಡೂವರೆ ಸಾವಿರ ಅಡಿ ಎತ್ತರದ ಮೈಸೂರು ಸೀಮೆ ಅಂಗುಲದ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆಯಾಗಿ ಕಲ್ಲಿನ ಗೀರಿನಂತೆ ಅಳಿಸಿಹೋಗುತ್ತಿತ್ತು. ಹಿಗ್ಗಿಸಿದ್ದರಿಂದ ಅದು ಒಂದೂಕಾಲು ಅಂಗುಲದ ಜಗುಲಿಯಾಗಿ ನಿಂತಿದೆ. ಇದನ್ನು ಸುಳ್ಳೆನ್ನಲು ನಮಗೆ ಮನಸ್ಸು ಬಾರದು. ಎಷ್ಟು ಹಿಗ್ಗಿಸಿದೆವೆಂದು ಹೇಳದೆ ಮುಚ್ಚಿಟ್ಟಾಗ ಮಾತ್ರ ಅದು ಸುಳ್ಳು.

ಇನ್ನು ನಮ್ಮ ಮನೆಯ ಪ್ರಯೋಗದ ಮಾತು. ನಮ್ಮ ತಾಳವಾಡಿ ಇರುವುದು ತಮಿಳುನಾಡಿನ ಭೂಪಟದ ಅಂಚಿನಲ್ಲಿ. ಮೊಮ್ಮಗಳು ಶಾಲೆಯ ಪುಸ್ತಕವನ್ನು ತೋರಿಸಿ, "ತಾತ, ನಮ್ಮೂರಿನ ಆಚೆ ಬರೀ ಬಿಳೀ ಕಾಗದ ಇದೆಯಲ್ಲ, ಅಲ್ಲಿ ನೆಲವೇ ಇಲ್ಲವೇ?" ಎಂದು ಕೇಳಿದಳು. ನಮ್ಮ ಸಂತೆ, ನೆಂಟಸ್ತಿಕೆ, ಹಳ್ಳದ ನೀರು ಎಲ್ಲವೂ ಹರಿಯುವುದು ಆ ಬಿಳಿಯ ಕಾಗದದತ್ತಲೇ ಅಲ್ಲವೇ! ಆದಕಾರಣ ರಾಜ್ಯದ ಗೆರೆಯನ್ನು ನಂಬದೆ, ನೆಲವನ್ನೇ ನಂಬಿ ಚೌಕಟ್ಟು ಹಾಕಿದೆವು: ಉತ್ತರಕ್ಕೆ ಚಾಮರಾಜನಗರ, ದಕ್ಷಿಣಕ್ಕೆ ಮೇಟುಪಾಳ್ಯ, ಪಶ್ಚಿಮಕ್ಕೆ ಉದಕಮಂಡಲ, ಪೂರ್ವಕ್ಕೆ ಸತ್ಯಮಂಗಲ. ಒಂದು ಕಿಲೋಮೀಟರಿಗೆ ಒಂದು ಸೆಂಟಿಮೀಟರು. 70 ಸೆಂಟಿಮೀಟರಿನ ಚೌಕ ಹಲಗೆ ಸಾಕಾಯಿತು.

ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಸ್ಥಳಗಳನ್ನು ಕೂಡಿಸಿ ಎಳೆದ ಗೆರೆಗೆ ಸಮೋನ್ನತಿ ರೇಖೆಯೆನ್ನುತ್ತಾರೆ. ಭಾರತ ಸರ್ವೇಕ್ಷಣ ಇಲಾಖೆಯ ಐವತ್ತು ಸಾವಿರಕ್ಕೊಂದರ ಹಾಳೆಗಳಲ್ಲಿ 20 ಮೀಟರಿಗೊಂದು ಇಂಥ ಗೆರೆ, ಐದಕ್ಕೊಂದು ದಪ್ಪಗೆರೆ. (2017ರಲ್ಲಿ ಇಲಾಖೆಯವರು ಈ ಹಾಳೆಗಳನ್ನು ಗಣಕಯಂತ್ರದ ಮೂಲಕ ಸಾರ್ವಜನಿಕರಿಗೆ ಒದಗಿಸತೊಡಗಿದಾಗ ಆ ತಾಣಕ್ಕೆ ಇಟ್ಟ ಹೆಸರು 'ನಕ್ಷೆ'. ನಮಗೆ ಪರಿಚಯದ ಮಾತೇ.) ದಪ್ಪಗೆರೆಗಳನ್ನಷ್ಟೇ ಹಿಡಿದರೆ 100 ಮೀಟರಿಗೊಂದು ಪದರ. ಹಾಳೆಯನ್ನು ಅರ್ಧಕ್ಕೆ ಇಳಿಸಿ ಜೆರಾಕ್ಸ್ ಮಾಡಿಸಿದೆವು. ನಮ್ಮ ಅಳತೆಯಲ್ಲಿ 100 ಮೀಟರೆಂದರೆ ಒಂದು ಮಿಲಿಮೀಟರು. ನಾವು ತಂದ ರಟ್ಟಿನ ದಪ್ಪ ಎರಡು ಮಿಲಿಮೀಟರು. ಹೀಗೆ ಎತ್ತರ ತಾನಾಗಿಯೇ ಎರಡು ಪಟ್ಟಾಯಿತು. 2637 ಮೀಟರಿನ ದೊಡ್ಡಬೆಟ್ಟದ ತುದಿ ಮುಟ್ಟುವುದಕ್ಕೆ ಸುಮಾರು 24 ಪದರಗಳು ಬೇಕಾದುವು. ಎತ್ತರ ಐದು ಸೆಂಟಿಮೀಟರಿನ ಒಳಗೇ.

ಮೊಮ್ಮಗಳಿಗೆ ಇದು ಸಾಲದು. ಕಾಶಿಯ ಲೆಕ್ಕವನ್ನು ಕೇಳಿದ್ದ ಅವಳು, "ನಾವೂ 17 ಪಟ್ಟು ಮಾಡೋಣ" ಎಂದು ಹಟ ಹಿಡಿದಳು. ಹಾಗೆ ಮಾಡಿದ್ದರೆ ದೊಡ್ಡಬೆಟ್ಟವು ಮೊಣಕಾಲೆತ್ತರದ ಸೂಜಿಯಾಗಿ ನಿಂತು ಸುತ್ತಲಿನ ಊರುಗಳೆಲ್ಲ ಅದರ ನೆರಳಿನಲ್ಲಿ ಮುಳುಗುತ್ತಿದ್ದುವು. ಇಡೀ ದೇಶವನ್ನು ಒಂದು ಕೋಣೆಯಲ್ಲಿ ಅಡಗಿಸುವಾಗ ಬೇಕಾದ ಹಿಗ್ಗು, ಎರಡು ತಾಲೂಕುಗಳನ್ನು ಹಲಗೆಯ ಮೇಲೆ ಇಡುವಾಗ ಬೇಡ. ನೆಲ ಕಿರಿದಾದಂತೆ, ಬೆಟ್ಟ ಕಡಿದಾದಂತೆ, ಹಿಗ್ಗಿಸುವ ಪಟ್ಟು ಇಳಿಯಬೇಕು.

ಅವಳ ಇನ್ನೊಂದು ಆಸೆ ದಿಂಬದ ಘಾಟಿಯ 27 ತಿರುವುಗಳನ್ನೂ ತೋರಿಸುವುದು. ಕೂದಲೆಳೆಯಂಥ ದಾರವನ್ನು ತಂದರೂ ಆಗದು, ಅಷ್ಟು ಚಿಕ್ಕ ಜಾಗ. ಕೊನೆಗೆ ಐದು ತಿರುವುಗಳ ದಾರವನ್ನು ಅಂಟಿಸಿ, ಪಕ್ಕದಲ್ಲಿ '27' ಎಂದು ಬರೆದೆವು.

ಪದರಗಳ ಮೆಟ್ಟಿಲುಗಳು ಕಾಣದಿರಲೆಂದು, ಮೊರಕ್ಕೆ ಬಳಿಯುವಂತೆ, ಕಾಗದವನ್ನು ನೆನೆಸಿ ಮೆಂತ್ಯದೊಡನೆ ರುಬ್ಬಿ ಮೆತ್ತಿದೆವು. ಎಲ್ಲವೂ ನುಣುಪಾಗಿ, ನೋಡಲು ಚೆನ್ನಾಗಿಯೇ ಕಂಡಿತು.

ಆ ವಾರ ನಮ್ಮ ಅಣ್ಣ ಬಂದ. ಮೈಸೂರಿಗೂ ಸತ್ಯಮಂಗಲಕ್ಕೂ ನಡುವೆ ಬಹುಕಾಲ ಬಸ್ಸು ನಡೆಸಿದವನು. ಕಣ್ಣಿನ ಒತ್ತಡದ ಬೇನೆಯಿಂದ ದೃಷ್ಟಿ ಪೂರ್ತಿ ಹೋಗಿ ಆರು ವರ್ಷಗಳಾದುವು. ಅಂದಿನಿಂದ ಅವನ ಮುಂದೆ ದಾರಿಯ ಮಾತನ್ನು ನಾವು ಎತ್ತುತ್ತಿರಲಿಲ್ಲ. ಮಗುವಿಗೆ ಆ ಎಗ್ಗೆಲ್ಲಿ? "ದೊಡ್ಡತಾತ, ಮುಟ್ಟಿ ನೋಡಿ" ಎಂದು ಅವನ ಕೈಯನ್ನು ತಂದು ಹಲಗೆಯ ಮೇಲಿಟ್ಟಳು. ಅವನ ಬೆರಳು ಸತ್ಯಮಂಗಲದ ಬಯಲಿನಲ್ಲಿ ಸ್ವಲ್ಪ ಅಲೆದು, ಘಟ್ಟದ ಬುಡಕ್ಕೆ ತಾಗಿ ನಿಂತಿತು. "ಇದು ಬಣ್ಣಾರಿ" ಎಂದ. ದಾರವನ್ನು ಹಿಡಿದು ಏರಿದ, ಮೇಲೆ ಬಂದು, "ದಿಂಬ. ಇಲ್ಲಿ ಗೇರು ಬದಲಾಯಿಸಿದರೆ ಹಾಸನೂರು" ಎಂದ. ನಾವು ಯಾರೂ ಮಾತಾಡಲಿಲ್ಲ. ಬಳಿಕ ಭವಾನಿಸಾಗರದಿಂದ ಮೋಯಾರಿನ ಕಣಿವೆಯನ್ನು ಹಿಡಿದು ಪಶ್ಚಿಮಕ್ಕೆ ಹೊರಟ. ತೆಂಗುಮರಹಾಡಕ್ಕೆ ಹರಿಗೋಲಿನಲ್ಲಿ ದಾಟಿದ್ದನ್ನು ನೆನೆದ. ಅಲ್ಲಿಂದ ಮುಂದಕ್ಕೆ ಬೆರಳು ತಡವರಿಸಿತು.

"ಎಲ್ಲೋ ನಿನ್ನ ಹೊಳೆ? ಮೇಲಕ್ಕೆ ಹೋದಂತೆ ಕಮರಿ ಇನ್ನೂ ಇಕ್ಕಟ್ಟಾಗಬೇಕು. ಇಲ್ಲಿ ನೀನು ಹೊಲ ಮಾಡಿದ್ದೀಯೆ."

ನೋಡಿದರೆ ನಿಜ. ನುಣುಪಿನ ಆಸೆಗೆ ಬಿದ್ದು ಮೋಯಾರಿನ ಕಮರಿಯನ್ನೇ ಮೆಂತ್ಯದ ಹಿಟ್ಟಿನಿಂದ ಮುಚ್ಚಿಬಿಟ್ಟಿದ್ದೆವು! ನೀಲಗಿರಿಯನ್ನು ಮೈಸೂರು ಸೀಮೆಯಿಂದ ಬೇರ್ಪಡಿಸುವುದು ಆ ಕಮರಿಯೇ. ಅದಿಲ್ಲದೆ ನಕ್ಷೆಯಲ್ಲಿ ನಾವು ನಡೆದೇ ಉದಕಮಂಡಲವನ್ನು ಸೇರಬಹುದಿತ್ತು. ಕಣ್ಣಿದ್ದ ನಾಲ್ವರಿಗೆ ಇದು ಕಂಡಿರಲಿಲ್ಲ. ಅಣ್ಣನೇ ಚಾಕುವಿನ ತುದಿಯನ್ನು ಮಗುವಿನ ಕೈಗಿತ್ತು ಎಲ್ಲಿ ಎಷ್ಟು ಕೆತ್ತಬೇಕೆಂದು ಹೇಳುತ್ತ ಹೋದ. ಬೆಟ್ಟವನ್ನು ಹಿಗ್ಗಿಸುವವರು ಕಮರಿಯ ಅಗಲವನ್ನೂ ತುಸು ಹಿಗ್ಗಿಸದಿದ್ದರೆ ಅದು ಬೆರಳಿಗೂ ಸಿಗದು, ಕಣ್ಣಿಗೂ ಸಿಗದು.

ಬಣ್ಣದ ವಿಷಯದಲ್ಲಿಯೂ ಒಂದು ಎಚ್ಚರ. ತಗ್ಗಿಗೆ ಹಸುರು, ಎತ್ತರಕ್ಕೆ ಕಂದು ಎಂಬ ಅಟ್ಲಾಸಿನ ಪದ್ಧತಿಯಿಂದ ಮಕ್ಕಳು ಹಸುರೆಂದರೆ ಕಾಡೆಂದು ತಿಳಿಯುತ್ತಾರೆ. ಆ ಪ್ರಕಾರ ಸತ್ಯಮಂಗಲದ ಬಿಸಿಲುಬಯಲು ಹಸುರಾಗಿ ನೀಲಗಿರಿ ಒಣಗಿಹೋಗುತ್ತದೆ. ಸ್ವಿಟ್ಸರ್ಲೆಂಡಿನ ಪ್ರಸಿದ್ಧ ನಕ್ಷಾಕಾರ ಎಡ್ವರ್ಡ್ ಇಮ್‌ಹೋಫ್ (1895–1986) ತಗ್ಗನ್ನು ಮಂಜು ಕವಿದಂಥ ಬೂದುನೀಲಿಯಲ್ಲಿಯೂ ಎತ್ತರವನ್ನು ತಿಳಿಯಾದ ಬೆಚ್ಚನೆಯ ಬಣ್ಣದಲ್ಲಿಯೂ ತೋರಿಸುವ ಕ್ರಮವನ್ನು ರೂಢಿಸಿದವರು. ನಾವು ಅದನ್ನೇ ಅನುಸರಿಸಿದೆವು. ಪ್ರದರ್ಶನದಲ್ಲಿ ನಕ್ಷೆಯನ್ನಿಡುವಾಗ ಬೆಳಕು ಮೇಲಿನ ಎಡಮೂಲೆಯಿಂದ ಬೀಳುವಂತೆ ನೋಡಿಕೊಳ್ಳಬೇಕು. ನೋಡುವವರ ಕಡೆಯಿಂದ ಬೆಳಕು ಬಿದ್ದರೆ, ಚಿತ್ರ ತೆಗೆದಾಗ ಕಣಿವೆಯೇ ದಿಬ್ಬವೆಂಬ ಭ್ರಾಂತಿ ಹುಟ್ಟುತ್ತದೆ.

ಈಗ ಅಕ್ಕಲಕೋಟೆಯ ಸೋದರಿಗೆ. ಮಹಾರಾಷ್ಟ್ರ ಪೂರ್ವಪಶ್ಚಿಮವಾಗಿ ಸುಮಾರು 800 ಕಿಲೋಮೀಟರು. ಸೆಂಟಿಮೀಟರಿಗೆ 10 ಕಿಲೋಮೀಟರು ಹಿಡಿದರೆ 80 ಸೆಂಟಿಮೀಟರಿನ ಹಲಗೆ ಬೇಕು. ಆ ಅಳತೆಯಲ್ಲಿ 1646 ಮೀಟರಿನ ಕಳಸೂಬಾಯಿ ಶಿಖರವೂ ಎರಡು ಮಿಲಿಮೀಟರನ್ನು ಮುಟ್ಟದು. ಆದುದರಿಂದ ಎತ್ತರವನ್ನು 10 ಪಟ್ಟು ಹಿಗ್ಗಿಸಿ. 100 ಮೀಟರಿಗೆ ಒಂದು ಮಿಲಿಮೀಟರಿನ ರಟ್ಟು ಒಂದಾಗುತ್ತದೆ. ಶಾಲೆಯ ಅಟ್ಲಾಸಿನಲ್ಲಿ ಅಷ್ಟು ಗೆರೆಗಳು ಸಿಗಲಾರವು. ಸಿಕ್ಕ ಮಟ್ಟಗಳಿಗೆ ತಕ್ಕಂತೆ, 300 ಮೀಟರಿಗೆ ಮೂರು ರಟ್ಟಿನಂತೆ ಜೋಡಿಸಿದರಾಯಿತು. ಆಗ ಸೋಲಾಪುರವು ಬರಿಯ ಹಲಗೆಯಾಗಿ ಉಳಿಯದು. ಕೊಂಕಣದ ಕರಾವಳಿಗಿಂತ ನಾಲ್ಕೂವರೆ ಮಿಲಿಮೀಟರು ಮೇಲೆ, ಪಶ್ಚಿಮದಿಂದ ಮೆಲ್ಲಗೆ ಇಳಿದುಬಂದ ಪ್ರಸ್ಥಭೂಮಿಯ ಮೇಲೆ ಕೂತಿರುತ್ತದೆ. ಭೀಮಾಶಂಕರದಲ್ಲಿ ಹುಟ್ಟಿದ ಭೀಮೆ ಹತ್ತಿರದ ಕಡಲನ್ನು ಬಿಟ್ಟು ನಿಮ್ಮ ಸೀಮೆಯನ್ನು ಹಾದು ಕೃಷ್ಣೆಯವರೆಗೆ ಏಕೆ ಬರುತ್ತಾಳೆಂಬುದು ಹುಡುಗನಿಗೆ ಬೆರಳಿನಿಂದಲೇ ತಿಳಿಯುತ್ತದೆ. ಅವಳಿಗೆ ತೋಡನ್ನು ಕೆತ್ತಲು ಮರೆಯಬೇಡಿ. ಹಲಗೆಯನ್ನು ರಾಜ್ಯದ ಗೆರೆಗೆ ಕೊರೆಯದೆ ಕೃಷ್ಣಾ ಸಂಗಮದವರೆಗೂ ಬಿಡಿ. ಮೂಲೆಯಲ್ಲಿ 'ಎತ್ತರ 10 ಪಟ್ಟು' ಎಂದು ಕಾಣುವಂತೆ ಬರೆಯಲಿ.

ಬೆಳಕಿಲ್ಲದ ಕೋಣೆಯಲ್ಲಿ, ಕಣ್ಣು ಮುಚ್ಚಿ, ಅವನಿಂದಲೇ ಒಮ್ಮೆ ನಕ್ಷೆಯನ್ನು ತಡವಿಸಿ ನೋಡಿ. ತಪ್ಪು ಎಲ್ಲಿದ್ದರೂ ಅಲ್ಲಿ ಸಿಗುತ್ತದೆ. ಪ್ರದರ್ಶನ ಮುಗಿದ ಮೇಲೆ ಹೇಗಾಯಿತೆಂದು ಬರೆಯಿರಿ, ಅಣ್ಣನೂ ಕೇಳುತ್ತಿದ್ದಾನೆ.