ಕದ್ದದ್ದು ಶೇಕಡಾ ಎಷ್ಟು?

ಪರೀಕ್ಷಾ ಕೊಠಡಿಯಲ್ಲಿ ಅಂಗೈಯೊಳಗೆ ಚೀಟಿ ಅಡಗಿಸಿಕೊಳ್ಳುವುದು ತಪ್ಪೆಂದು ನಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತು. ಆದರೆ ಅದೇ ಮಕ್ಕಳು ಅಂತರ್ಜಾಲದಿಂದ ನಾಲ್ಕು ಪುಟ ಇಳಿಸಿಕೊಂಡು, ಮೇಲೆ ತಮ್ಮ ಹೆಸರು ಬರೆದು, ಸ್ಪೈರಲ್ ಬೈಂಡ್ ಮಾಡಿಸಿ 'ಪ್ರಾಜೆಕ್ಟ್' ಎಂದು ಒಪ್ಪಿಸುವಾಗ ಅವರ ಮುಖದಲ್ಲಿ ಕಿಂಚಿತ್ತೂ ಅಳುಕು ಕಾಣಿಸದು. ಮೊದಲನೆಯದು ಕಳ್ಳತನ, ಎರಡನೆಯದು 'ಮಾಹಿತಿ ಸಂಗ್ರಹ'! ಈ ಭೇದವನ್ನು ಅವರಿಗೆ ಕಲಿಸಿದವರು ಯಾರು?

ಆತ್ಮೀಯ ಶಿಷ್ಯರೇ, ನಿಮ್ಮಲ್ಲಿ ಹಲವರು ಇಂದು ಅಧ್ಯಾಪಕರು. ಇನ್ನು ಕೆಲವರು ಪ್ರೌಢಶಾಲೆಗೆ ಹೋಗುವ ಮಕ್ಕಳ ತಂದೆತಾಯಿಯರು. ಆದುದರಿಂದ ತುಸು ಕಟುವಾಗಿಯೇ ಬರೆಯುತ್ತಿದ್ದೇನೆ.

ಎಲ್ಲಕ್ಕೂ ಅಂತರ್ಜಾಲವನ್ನು ದೂರುವುದು ಸುಲಭ. ಅದು ಬರುವ ಮೊದಲೇ ಗೈಡುಗಳಿದ್ದವು. ಗೈಡಿನ ಪ್ರಬಂಧವನ್ನು ಅಕ್ಷರಶಃ ಒಪ್ಪಿಸಿದವನಿಗೆ ಪೂರ್ಣಾಂಕ ದೊರೆಯುತ್ತಿತ್ತು. ಮಾತು ಸರಿಯಾಗಿದ್ದರೆ ಸಾಕು, ಅದು ಯಾರದೆಂಬುದು ಮುಖ್ಯವಲ್ಲ ಎಂಬ ಪಾಠವನ್ನು ಮಕ್ಕಳು ಕಲಿತದ್ದು ಶಾಲೆಯಲ್ಲಿಯೇ.

ನನ್ನ ಮೊಮ್ಮಗಳು ಚನ್ನಗಿರಿ ತಾಲ್ಲೂಕಿನಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಾಳೆ. 'ನಮ್ಮೂರಿನ ಜಲಮೂಲ' ಎಂಬ ವಿಷಯಕ್ಕೆ ಅವಳು ಸಿದ್ಧಪಡಿಸಿದ್ದ ಬರಹವನ್ನು ಓದಿದೆ. ಸೂಳೆಕೆರೆಯ ನೀರು ಉಣ್ಣುವ ಊರು ಅವಳದು. ಮನೆಯ ಹಿಂದಿನ ಅಡಿಕೆ ತೋಟಕ್ಕೆ ಅದೇ ನೀರು. ಬರಹದಲ್ಲಿ ಮಾತ್ರ ಯಾವುದೋ ದೇಶದ ಹಿಮಾವೃತ ಸರೋವರದ ವರ್ಣಚಿತ್ರ, 'ಜಲವೇ ಜೀವನ' ಎಂದು ಆರಂಭವಾಗುವ ಎರಡು ಪುಟ. ನಾಲೆಗೆ ನೀರು ಬಿಡುವ ನೀರುಗಂಟಿಯನ್ನು ಒಂದು ಮಾತು ಕೇಳಿದ್ದೆಯಾ ಎಂದೆ. "ತಾತ, ಅವರು ಹೇಳೋದು ನೆಟ್‌ನಲ್ಲಿ ಇಲ್ಲವಲ್ಲ, ತಪ್ಪಾದರೆ?" ಎಂದಳು. ಐದಕ್ಕೆ ಐದು ಅಂಕವೂ ಬಂದಿತ್ತು. ಕೃತಿಚೌರ್ಯದಿಂದ ಮೂಲ ಲೇಖಕನಿಗೆ ಆಗುವ ನಷ್ಟ ದೊಡ್ಡದಿರಬಹುದು. ನನ್ನ ಕಣ್ಣಿಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು, ಹದಿನಾಲ್ಕರ ಹುಡುಗಿಗೆ ತನ್ನ ಕಣ್ಣಿನ ಮೇಲೆಯೇ ನಂಬಿಕೆ ಹೋದದ್ದು.

'ಅಂತರ್ಜಾಲದಲ್ಲಿರುವುದು ಎಲ್ಲರಿಗೂ ಸೇರಿದ್ದು' ಎಂಬುದು ವಿದ್ಯಾರ್ಥಿಗಳ ಇನ್ನೊಂದು ವಾದ. ಯಾರು ಬೇಕಾದರೂ ಬಳಸಿರೆಂದು ಬಾಗಿಲು ತೆರೆದಿಟ್ಟಿರುವ ವಿಕಿಪೀಡಿಯ ಕೂಡ, ಮೂಲವನ್ನು ಹೆಸರಿಸಬೇಕೆಂಬ ಷರತ್ತನ್ನು ಬಿಟ್ಟುಕೊಟ್ಟಿಲ್ಲ. ನಮ್ಮ ಕವಿಗಳೂ ಕಥೆಗಳನ್ನು ಎರವಲು ಪಡೆದವರೇ ಅಲ್ಲವೇ ಎನ್ನುವ ಜಾಣರೂ ಇದ್ದಾರೆ. ಹೌದು, ಪಡೆದರು, ಹೇಳಿ ಪಡೆದರು. ಪಂಪನು ಭಾರತವನ್ನು ಹೇಳಹೊರಟಾಗ ಆರಂಭದಲ್ಲೇ ವ್ಯಾಸನನ್ನು ನೆನೆದನು. ಗದುಗಿನ ನಾರಣಪ್ಪನ ಕಾವ್ಯನಾಮದಲ್ಲೇ ಋಣಪತ್ರವಿದೆ: ಕುಮಾರವ್ಯಾಸ. ಬಿ.ಎಂ.ಶ್ರೀಯವರು ತಮ್ಮ ಸಂಕಲನಕ್ಕೆ 'ಇಂಗ್ಲಿಷ್ ಗೀತಗಳು' ಎಂದೇ ಹೆಸರಿಟ್ಟರು. ಅದರಿಂದ ಇವರಾರ ಹಿರಿಮೆಯೂ ಕುಗ್ಗಲಿಲ್ಲ.

ವಿಶ್ವವಿದ್ಯಾಲಯಗಳ ಕಥೆ ಬೇರೆಯೇನಲ್ಲ. 2018ರ ಯುಜಿಸಿ ನಿಯಮದಂತೆ, ಪ್ರಬಂಧದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಶೇ. 10ರಿಂದ 40ರವರೆಗಾದರೆ ತಿದ್ದಿ ಮರಳಿ ಸಲ್ಲಿಸಬೇಕು, ಶೇ. 60 ಮೀರಿದರೆ ನೋಂದಣಿ ರದ್ದು. ಉದ್ದೇಶ ಒಳ್ಳೆಯದೇ. ಆದರೆ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಹಲವರು ಇದನ್ನು ಬಸ್ಸಿನಲ್ಲಿ ಉಚಿತವಾಗಿ ಒಯ್ಯಬಹುದಾದ ಲಗೇಜಿನಂತೆ ಓದಿಕೊಂಡಿದ್ದಾರೆ. 'ಸರ್, ನನ್ನದು ಒಂಬತ್ತೇ ಬಂತು' ಎಂದು ಸಿಹಿ ಹಂಚಿದವನನ್ನು ನಾನು ಬಲ್ಲೆ. ತಂತ್ರಾಂಶವು ಪದಗಳ ಹೋಲಿಕೆಯನ್ನು ಎಣಿಸಬಲ್ಲದು. ಇಂಗ್ಲಿಷ್ ಲೇಖನವೊಂದನ್ನು ಹಾಗೆಯೇ ಕನ್ನಡಕ್ಕೆ ತಿರುಗಿಸಿ ಹೆಸರು ನುಂಗಿದವನು ಆ ಎಣಿಕೆಯಿಂದ ಸಲೀಸಾಗಿ ನುಸುಳಬಹುದು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಹೋಲಿಸಿ ನೋಡಲು ಮೂಲವೇ ಸಿಗದಂಥ ಬರಹವನ್ನು ಯಂತ್ರವೇ ಬರೆದುಕೊಡುತ್ತಿದೆ. ಇನ್ನು ಪ್ರತಿಶತ ಹಿಡಿದು ಮಾಡುವುದೇನು?

ಅಧ್ಯಾಪಕರಾಗಿರುವ ಶಿಷ್ಯರಿಗೆ ನನ್ನದು ಒಂದೇ ಬೇಡಿಕೆ. ಬರಹವನ್ನು ತೂಗಿ ನೋಡಬೇಡಿ. ಬರೆದವನನ್ನು ಎದುರು ನಿಲ್ಲಿಸಿ, ಇದು ನಿನಗೆ ಹೇಗೆ ತಿಳಿಯಿತು ಎಂದು ಕೇಳಿ. ಅರವತ್ತು ಮಕ್ಕಳ ತರಗತಿಯಲ್ಲಿ ಸಮಯವೆಲ್ಲಿದೆ ಸರ್ ಎನ್ನುವಿರಿ. ತಲೆಗೆ ಮೂರು ನಿಮಿಷವೆಂದರೆ 180 ನಿಮಿಷ, ಅಂದರೆ ಮುಕ್ಕಾಲು ಗಂಟೆಯ ನಾಲ್ಕು ಪಿರಿಯಡ್. ವರ್ಷಕ್ಕೆ ನಾಲ್ಕು ಪ್ರಾಜೆಕ್ಟ್ ಬರೆಸುವ ಬದಲು ಒಂದನ್ನೇ ಬರೆಸಿದರೆ ಆ ನಾಲ್ಕು ಪಿರಿಯಡ್ ತಾನಾಗಿ ಸಿಗುತ್ತದೆ.