ಮದುವೆ ಆಗಿಲ್ವಲ್ಲ, ಆಮೇಲೆ ನೋಡೋಣ

ಆಪರೇಷನ್ ಆದ ದಿನದಿಂದ ಮೊದಲ ಕೀಮೋವರೆಗೆ ನನಗೆ 24 ದಿನ ಸಿಕ್ಕಿತ್ತು. ಆಗ ನನಗೆ 29 ವರ್ಷ, ಸ್ತನ ಕ್ಯಾನ್ಸರ್. ಅಮ್ಮ ಹೊತ್ತು ಹೊತ್ತಿಗೆ ಗಂಜಿ ಕೊಟ್ಟರು, ನಾನು ಮಲಗಿಕೊಂಡೇ ಮೂರು ವೆಬ್ ಸೀರೀಸ್ ಮುಗಿಸಿದೆ. ವಿಗ್ ಎಲ್ಲಿ ಸಿಗುತ್ತೆ, ಬಾಯಿಹುಣ್ಣಿಗೆ ಏನು ಮಾಡಬೇಕು, ಎಲ್ಲ ಹೇಳೋಕೆ ಜನ ಇದ್ದರು. ಆಸ್ಪತ್ರೆಯವರು ಕೊಟ್ಟ ಬಣ್ಣದ ಪುಸ್ತಕದಲ್ಲಿ ಕೂದಲಿಗೇ ಎರಡು ಪುಟ. ಅಂಡಾಶಯದ ಬಗ್ಗೆ ಒಂದು ಸಾಲೂ ಇಲ್ಲ.

ಮೂರನೇ ಸೈಕಲ್ ಹೊತ್ತಿಗೆ ಮುಟ್ಟು ನಿಂತಿತು. ಕೇಳಿದೆ. "ಅದೆಲ್ಲ ಆಗುತ್ತಮ್ಮ, ಮೊದಲು ಜೀವ ಉಳೀಲಿ. ಹೇಗೂ ಮದುವೆ ಆಗಿಲ್ವಲ್ಲ, ಮಕ್ಕಳ ವಿಚಾರ ಆಮೇಲೆ ನೋಡೋಣ" ಅಂದರು ಡಾಕ್ಟರು.

ಈ "ಆಮೇಲೆ" ಮೇಲೇ ನನ್ನ ಜಗಳ. ಕೂದಲು ಆಮೇಲೆ ಬರುತ್ತೆ, ಅಂಡಾಣು ಬರಲ್ಲ. ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯದಲ್ಲಿ 10ರಿಂದ 20 ಲಕ್ಷ ಅಂಡಾಣು ಇರುತ್ತವೆ. ಮೈನೆರೆಯುವ ಹೊತ್ತಿಗೆ 3–4 ಲಕ್ಷ. ಹೊಸದು ಹುಟ್ಟಲ್ಲ. ಡೆಪಾಸಿಟ್ಟೇ ಇಲ್ಲದ ಖಾತೆ, ಬರೀ ವಿತ್‌ಡ್ರಾ. ನನಗೆ ಕೊಟ್ಟ ಸೈಕ್ಲೋಫಾಸ್ಫಮೈಡ್ ಆ ಖಾತೆಗೇ ಕನ್ನ ಹಾಕುವ ಔಷಧಿ. ಎಷ್ಟು ಹೋಗುತ್ತೆ ಅನ್ನೋದು ವಯಸ್ಸು, ಡೋಸ್ ಮೇಲೆ. ಕೆಲವರಿಗೆ ಮುಟ್ಟು ವಾಪಸ್ ಬರುತ್ತೆ, ಬಂದರೂ ಮೆನೊಪಾಸ್ ಬೇಗ ಆಗಬಹುದು. ಕೀಮೋ ಬೇಡ ಅಂತ ಹೇಳ್ತಿಲ್ಲ. ನಾನಿವತ್ತು ಕೂತು ಇದನ್ನ ಬರೀತಿರೋದೇ ಅದರಿಂದ.

ಆದರೆ 24 ದಿನ ಇತ್ತಲ್ಲ ಸ್ವಾಮಿ! ಅಂಡಾಣು ತೆಗೆದು ಫ್ರೀಜ್ ಮಾಡೋಕೆ ಬೇಕಿದ್ದದ್ದು ಸುಮಾರು ಎರಡು ವಾರ. ಮುಟ್ಟಿಗೆ ಕಾಯಬೇಕಿಲ್ಲ, ತಿಂಗಳ ಯಾವ ದಿನವಾದರೂ ಇಂಜೆಕ್ಷನ್ ಶುರು ಮಾಡಬಹುದು. ಸ್ತನ ಕ್ಯಾನ್ಸರ್ ಇದ್ದವರಿಗೆ ಈಸ್ಟ್ರೋಜನ್ ಏರದಂತೆ ಜೊತೆಗೆ ಲೆಟ್ರೊಜೋಲ್ ಕೊಡ್ತಾರೆ. ಇದ್ಯಾವುದೂ ಗ್ಯಾರಂಟಿ ಅಲ್ಲ. ತೀವ್ರ ರಕ್ತ ಕ್ಯಾನ್ಸರ್ ಇದ್ದವರಿಗೆ ಎರಡು ವಾರ ಕಾಯೋ ಪರಿಸ್ಥಿತಿಯೂ ಇರಲ್ಲ, ಒಪ್ತೀನಿ. ಹೇಳೋಕೆ ಮಾತ್ರ ಎರಡು ನಿಮಿಷ ಸಾಕು. ಚಿಕಿತ್ಸೆಗೆ ಮುಂಚೆ ಆದಷ್ಟು ಬೇಗ ಈ ಮಾತೆತ್ತಿ ಅಂತ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಆಸ್ಕೋ ಮಾರ್ಗಸೂಚಿ ಕೊಟ್ಟಿದ್ದು 2006ರಲ್ಲಿ. ಆಗ ನಾನು ಹೈಸ್ಕೂಲು.

ಡೇ ಕೇರ್ ವಾರ್ಡಿನಲ್ಲಿ ಪಕ್ಕದ ಕುರ್ಚಿಯಲ್ಲಿ ಲಿಂಫೋಮಾ ಇದ್ದ ಹುಡುಗನೊಬ್ಬ ಕೂರ್ತಿದ್ದ. ಅವನಿಗೆ ಮೊದಲ ದಿನವೇ ವೀರ್ಯ ಬ್ಯಾಂಕಿಗೆ ಚೀಟಿ ಬರೆದುಕೊಟ್ಟಿದ್ದರಂತೆ. ಅವನಿಗೂ ಮದುವೆ ಆಗಿರಲಿಲ್ಲ. ಗಂಡಸರದು ಸುಲಭದ ಕೆಲಸ, ಸರಿ. ಆದರೆ ನನ್ನ ವಿಷಯದಲ್ಲಿ ಅಡ್ಡ ಬಂದಿದ್ದು ಕಷ್ಟ ಅಲ್ಲ, ತಾಳಿ. ನಮ್ಮ 2021ರ ಎಆರ್‌ಟಿ ಕಾಯ್ದೆಯೇ 21 ದಾಟಿದ ಒಂಟಿ ಹೆಣ್ಣಿಗೂ ಈ ಸೇವೆ ಕೊಡಬಹುದು ಅನ್ನುತ್ತೆ.

ಇನ್ಶೂರೆನ್ಸ್ ಕಥೆ ಚಿಕ್ಕದು. ಕೀಮೋ ಕೊಡೋ ವಾಂತಿಯ ಮಾತ್ರೆಗೆ ನಮ್ಮ ಆಫೀಸಿನ ಪಾಲಿಸಿ ದುಡ್ಡು ಕೊಟ್ಟಿತು. ಅದೇ ಕೀಮೋ ಕೊಡೋ ಬಂಜೆತನ ತಡೆಯೋದು "ಬಂಜೆತನ ಚಿಕಿತ್ಸೆ", ಪಾಲಿಸಿಯಿಂದ ಹೊರಗೆ. ಎಚ್‌ಆರ್ ಮೀಟಿಂಗಿನಲ್ಲಿ ವೆಲ್‌ನೆಸ್ ಅಂತ ಚಪ್ಪಾಳೆ ಹೊಡೆಯೋ ನಾವೆಲ್ಲ ಆ ಪುಟ ಒಂದ್ಸಲ ತೆಗೆದು ನೋಡಬೇಕು.

ಆಮೇಲೊಂದು ದಿನ ಫೈಲ್ ತಿರುವಿ ಹಾಕುವಾಗ ಇಂಗ್ಲಿಷಿನ ಒಂದು ಸಾಲು ಸಿಕ್ಕಿತು. ಮುಂದೆ ಮಕ್ಕಳಾಗದಿರಬಹುದು ಅಂತ "ರೋಗಿಯ ತಂದೆಗೆ ತಿಳಿಸಲಾಗಿದೆ". ಕಾರಿಡಾರಿನಲ್ಲಿ ಹೇಳಿದ್ದರಂತೆ. ಅಪ್ಪ, "ಅವಳಿಗೆ ಹೇಳೋದು ಬೇಡ ಸಾರ್, ಮೊದಲೇ ಹೆದರಿದ್ದಾಳೆ" ಅಂದರಂತೆ. ಮನೆ ಸಾಲದ ಇಎಂಐ ಹೋಗೋದು ನನ್ನ ಖಾತೆಯಿಂದ. ಸ್ತನ ತೆಗೆಯೋಕೆ ಸಹಿ ಹಾಕಿದವಳು ನಾನು. ಇದೊಂದಕ್ಕೆ ಅಪ್ಪನ ಕಿವಿ ಸಾಕಾಯ್ತು. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನ ಇಲ್ಲ, ಕೋಪ ಮಾತ್ರ ಇಳಿದಿಲ್ಲ. ಕೀಮೋ ಒಪ್ಪಿಗೆ ಪತ್ರದಲ್ಲಿ ಇದಕ್ಕೇ ಅಂತ ಒಂದು ಸಾಲು ಇರಲಿ, ಅದರ ಮುಂದೆ ರೋಗಿಯ ಸಹಿ ಇರಲಿ, ಸಹಿ ಬೀಳದೆ ಡ್ರಿಪ್ ಏರಬಾರದು. ಕೇಳ್ತಿರೋದು ಇಷ್ಟೇ.

ಹೋದ ತಿಂಗಳು ಎಎಂಎಚ್ ಟೆಸ್ಟ್ ಮಾಡಿಸಿದೆ, ಅಂಡಾಣು ಎಷ್ಟು ಉಳಿದಿರಬಹುದು ಅಂತ ಅಂದಾಜು ಹೇಳುವ ರಕ್ತಪರೀಕ್ಷೆ. ರಿಪೋರ್ಟ್ ಬಂದಾಗ ಅಪ್ಪ ಟಿವಿ ಮುಂದೆ ಇದ್ದರು. "ಏನಂತೆ?" ಅಂದರು. ಫೋನ್ ಅವರ ಕೈಗೇ ಕೊಟ್ಟೆ. ಕನ್ನಡಕ ತರ್ತೀನಿ ಅಂತ ಒಳಗೆ ಹೋದವರು ತುಂಬ ಹೊತ್ತು ಹೊರಗೆ ಬರಲಿಲ್ಲ.